ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಮಳೆ ನಿಂತಿದೆ. ತೋಟಕ್ಕೆ ಗೊಬ್ಬರ ಹಾಕುವ ಮೊದಲು ದಯವಿಟ್ಟು ಮಣ್ಣು ಪರೀಕ್ಷೆ ಮಾಡಿಸಿ. ನಮ್ಮ ಉಡುಪಿ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಹೆಚ್ಚಾಗಿ ಹುಳಿ, ಅಂದರೆ ಆಮ್ಲೀಯ. ಜೋರು ಮಳೆಗೆ ಸುಣ್ಣದ ಅಂಶ, ಪೊಟ್ಯಾಶ್ ಎಲ್ಲ ತೊಳೆದು ಹೋಗುತ್ತದೆ. ಹುಳಿ ಜಾಸ್ತಿಯಿದ್ದರೆ ಹಾಕಿದ ರಂಜಕವೂ (ಫಾಸ್ಫರಸ್) ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಸುಮ್ನೆ ಚೀಲಗಟ್ಟಲೆ ಸುರಿದರೆ ದುಡ್ಡು ದಂಡ, ಅಲ್ವಾ?

ಪರೀಕ್ಷೆಗೆ ಮಣ್ಣು ತೆಗೆಯಲು 8–10 ಕಡೆ ಕಸ ಸರಿಸಿ ಗುಂಡಿ ತೋಡಿ. ಗದ್ದೆಯಾದರೆ 6 ಇಂಚು ಆಳ ಸಾಕು, ಅಡಿಕೆ, ತೆಂಗಿಗೆ ಇನ್ನೂ ಆಳ ಬೇಕು. ಗೊಬ್ಬರ ಗುಂಡಿಯ ಹತ್ತಿರ, ಬದುವಿನ ಮೇಲೆ ತೆಗೆಯಬೇಡಿ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಚೀಲಕ್ಕೆ ತುಂಬಿಸಿ. ಹೆಸರು, ಸರ್ವೆ ನಂಬರ್, ಬೆಳೆ ಬರೆದ ಚೀಟಿ ಮರೆಯಬೇಡಿ.

ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಶನಿವಾರದೊಳಗೆ ಚೀಲ ನನ್ನ ಮನೆಗೆ ತಲುಪಿಸಿದರೆ ಒಟ್ಟಿಗೆ ಕೊಂಡೊಯ್ಯುತ್ತೇನೆ.