ಟಿಸಿ ತರುವ ಮೊದಲು

ಚಿ. ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಿನ್ನನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದ್ದೇವೆ, ಸೋಮವಾರ ಅಪ್ಪ ಶಾಲೆಗೆ ಹೋಗಿ ನಿನ್ನ ಟಿಸಿಗೆ ಅರ್ಜಿ ಕೊಡಲಿದ್ದಾರೆ. ಶಾಲೆಯ ಮಾತೆತ್ತಿದ ಕೂಡಲೇ ನೀನು ಫೋನನ್ನು ಅಮ್ಮಮ್ಮನ ಕೈಗೆ ಕೊಟ್ಟುಬಿಡುವುದರಿಂದ ಸಾಗರದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಜೂನ್‌ನಿಂದ ಈಚೆಗೆ ನಡೆದದ್ದನ್ನೆಲ್ಲ ಮತ್ತೆ ಕೆದಕುವುದಿಲ್ಲ.

ಆದರೆ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಶಾಲೆಯ ವ್ಯಾನು ಗೇಟಿನ ಮುಂದೆ ಹಾರನ್ ಹಾಕುವಾಗ ಕಿಟಕಿಯ ಸರಳು ಹಿಡಿದು, ಬೆವೆತು, ಹೊಟ್ಟೆ ಅದುಮಿಕೊಂಡು ನಿಲ್ಲುತ್ತಿದ್ದ ನೀನು, ಅದು ತಿರುವು ದಾಟಿದ ಸ್ವಲ್ಪ ಹೊತ್ತಿಗೆಲ್ಲ ಅಡುಗೆಮನೆಗೆ ಬಂದು ದೋಸೆ ಕೇಳುತ್ತಿದ್ದೆ. ಅಜ್ಜಿ ಅದನ್ನು ನಾಟಕವೆಂದರು. ವೈದ್ಯರು ಹಾಗೆನ್ನಲಿಲ್ಲ, ಹೆದರಿಕೆಯಿಂದ ಬರುವ ಹೊಟ್ಟೆನೋವು ನಿಜವಾದ ನೋವೇ, ಹೆದರಿಕೆಯ ಕಾರಣ ಸರಿದಾಗ ಅದು ಇಳಿಯುವುದೂ ಅಷ್ಟೇ ನಿಜ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಪ್ಪಿಸಿಕೊಂಡಾಗ ಸಿಗುವ ಆ ನಿರಾಳವೇ ಮುಂದಿನ ಸಲದ ಹೆದರಿಕೆಯನ್ನು ಬೆಳೆಸುತ್ತದೆ ಎಂದೂ ಹೇಳಿದರು. ಅಂದಿನಿಂದ ನೀನು ನೆಮ್ಮದಿಯಾಗಿ ದೋಸೆ ತಿನ್ನುವುದನ್ನು ನೋಡಿದರೂ ನನಗೆ ಸಂಕಟವಾಗುತ್ತದೆ. ಮನೆಯಲ್ಲೇ ಓದಿಸುವ ನಮ್ಮ ಈ ತೀರ್ಮಾನವೂ ಅಂಥದ್ದೇ ಒಂದು ನಿರಾಳವಾಗಿಬಿಟ್ಟರೆ? ಇಂದು ಶಾಲೆ ಬೇಡ, ನಾಳೆ ಅಂಗಡಿ ಬೇಡ, ಆಮೇಲೆ ಮದುವೆಮನೆ ಬೇಡ ಎಂದು ಕೊನೆಗೆ ನಿನ್ನ ಕೋಣೆಯೊಂದೇ ನಿನಗೆ ಉಳಿದರೆ? ಹಾಗಾಗುವುದಿಲ್ಲ ಎಂದು ಹಗಲಿನಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತೇನೆ. ರಾತ್ರಿ ಮತ್ತೆ ಆ ವ್ಯಾನು, ಆ ತಿರುವು, ಆ ದೋಸೆ.

ಕಾಯ್ದೆಯ ವಿಷಯ ಅಪ್ಪ ವಿಚಾರಿಸಿದ್ದಾರೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸೇರಿಸದವರಿಗೆ ಶಿಕ್ಷೆಯನ್ನೇನೂ ಅದು ವಿಧಿಸಿಲ್ಲ. ಅಪ್ಪನಿಗೆ ಧೈರ್ಯ ಬಂದದ್ದು ಅದೇ ಕಾಯ್ದೆಯ ನಾಲ್ಕನೆಯ ಸೆಕ್ಷನ್ನಿನಿಂದ: ಓದು ನಿಲ್ಲಿಸಿದ್ದ ಮಗು ಮರಳಿ ಬಂದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಟಿಸಿ ತಂದ ಮಾತ್ರಕ್ಕೆ ಹಿಂದಿರುಗುವ ದಾರಿ ಮುಚ್ಚುವುದಿಲ್ಲ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಎಂದರೆ ಎನ್‌ಐಒಎಸ್‌ನ, ಹತ್ತನೆಯ ತರಗತಿಗೆ ಹೆಸರು ಹಚ್ಚಬಹುದು. ಐದು ವಿಷಯಗಳಲ್ಲಿ ಉತ್ತೀರ್ಣಳಾದರೆ ಸಾಕು. ಅವನ್ನು ಒಂದೇ ಸಲ ಬರೆಯಬೇಕಾಗಿಲ್ಲ, ನೋಂದಣಿಗೆ ಐದು ವರ್ಷಗಳ ಅವಧಿಯಿದೆ. ಒಂದೊಂದೇ ಬರೆದು ಮುಗಿಸಬಹುದೆಂಬುದನ್ನು ಓದಿದಾಗ ನಿನ್ನ ಮುಖವೇ ನೆನಪಾಯಿತು.

ನಿನ್ನ ಬುದ್ಧಿಯ ಬಗ್ಗೆ ನನಗೆ ಎಂದೂ ಚಿಂತೆಯಿರಲಿಲ್ಲ. ಪಕ್ಕದ ಮನೆಯ ಹುಡುಗನಿಗೆ ಜಗಲಿಯ ಮೇಲೆ ಅಡಿಕೆ ಹೋಳುಗಳನ್ನಿಟ್ಟು ನೀನು ಭಿನ್ನರಾಶಿ ಹೇಳಿಕೊಟ್ಟದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಅವನು ತಪ್ಪಿದಾಗಲೆಲ್ಲ ನೀನು ಹೋಳುಗಳನ್ನು ಕಲೆಸಿ, ಬೈಯದೆ, ಮೊದಲಿನಿಂದ ಶುರುಮಾಡುತ್ತಿದ್ದೆ. ಅಷ್ಟು ತಾಳ್ಮೆ ನನಗಿಲ್ಲ. ಗಣಿತಕ್ಕೆ ಅಪ್ಪ ಕೂರಲಿ ಎಂದಿರುವುದು ಅದಕ್ಕೇ.

ಇನ್ನು ಉಪದೇಶ ಮಾಡುವುದಿಲ್ಲ ಎಂದುಕೊಂಡೇ ಕುಳಿತಿದ್ದೆ, ಆದರೂ ಕೇಳು. ಮನೆಯಲ್ಲಿ ಓದುವುದೆಂದರೆ ಒಂಬತ್ತಕ್ಕೆ ಏಳುವುದಲ್ಲ. ಏಳು ಗಂಟೆಗೆ ಸ್ನಾನವಾಗಿರಬೇಕು. ಫೋನು ಹಾಲ್‌ನಲ್ಲೇ ಇರಲಿ. ಯಾವ ಶಾಲೆಗೆ ಹೋಗುತ್ತಿದ್ದೀ ಎಂದು ಯಾರಾದರೂ ಕೇಳಿದರೆ ಒಳಗೆ ಓಡಬೇಡ, ಮನೆಯಲ್ಲೇ ಓದುತ್ತಿದ್ದೇನೆ ಎಂದು ತಲೆಯೆತ್ತಿ ಹೇಳು. ನಾಚಿಕೆ ಪಡುವಂಥದ್ದೇನೂ ಅದರಲ್ಲಿಲ್ಲ. ಕನ್ನಡ ಬರೆಯುವಾಗ ಅಕ್ಷರ ದುಂಡಗಿರಲಿ.

ನಿಜವಾಗಿ ನನ್ನದು ಒಂದೇ ಷರತ್ತು. ದಿನಕ್ಕೊಂದು ಸಲ ಗೇಟು ದಾಟಬೇಕು. ಮೊದಲ ವಾರ ಮೂಲೆಯ ಅಂಗಡಿಯಿಂದ ಹಾಲು ತಂದರೆ ಸಾಕು, ಆಮೇಲೆ ನನ್ನ ಜೊತೆ ಗ್ರಂಥಾಲಯ, ಮುಂದೆ ಅಲ್ಲಿಗೆ ನೀನೊಬ್ಬಳೇ. ಹೊಟ್ಟೆ ನೋಯುತ್ತದೆ, ಗೊತ್ತು. ನೋವಿದ್ದರೂ ಹೊರಡಬೇಕು, ಅರ್ಧ ದಾರಿಗೆ ಹಿಂದಿರುಗಿದರೂ ನಾನು ಒಂದು ಮಾತೂ ಆಡುವುದಿಲ್ಲ. ವೈದ್ಯರಲ್ಲಿಗೆ ಹೋಗುವುದನ್ನೂ ನಿಲ್ಲಿಸುವಂತಿಲ್ಲ.

ಇದು ನಿನಗೆ ಒಪ್ಪಿಗೆಯಾದರೆ ಭಾನುವಾರದೊಳಗೆ ಫೋನು ಮಾಡು. ಒಪ್ಪಿಗೆಯಿಲ್ಲದಿದ್ದರೂ ಮಾಡು, ಅಪ್ಪನಿಗೆ ಅರ್ಜಿ ತಡೆಯಲು ಹೇಳುತ್ತೇನೆ, ಕುಳಿತು ಮಾತನಾಡೋಣ. ಈ ಸಲ ಅಮ್ಮಮ್ಮನ ಕೈಗೆ ಕೊಡಬೇಡ.

ಇತಿ,
ನಿನ್ನ ಅಮ್ಮ