ರೆಟ್ರೊ ಗೇಮ್ ಕನ್ಸೋಲ್: ಕೊಳ್ಳುವ ಮುನ್ನ ಕೇಳಬೇಕಾದ್ದು

ಮಾನ್ಯರೇ,

ಹಬ್ಬದ ರಿಯಾಯಿತಿ ಮಾರಾಟ ಶುರುವಾದಾಗಲೆಲ್ಲ ಆನ್‌ಲೈನ್ ಮಳಿಗೆಗಳಲ್ಲಿ ‘ಒಂದೇ ಯಂತ್ರದಲ್ಲಿ ಹತ್ತು ಸಾವಿರ ಆಟ’ ಎಂಬಂಥ ಸಾಲಿನೊಂದಿಗೆ ಹಳೆಯ ಕಾಲದ ವಿಡಿಯೊ ಗೇಮ್‌ಗಳನ್ನು ಆಡಿಸುವ, ಅಂಗೈ ಅಗಲದ ರೆಟ್ರೊ ಗೇಮ್ ಕನ್ಸೋಲ್‌ಗಳು ಕಾಣಿಸಿಕೊಳ್ಳುತ್ತವೆ. 1990ರ ದಶಕದಲ್ಲಿ ಟಿ.ವಿ.ಗೆ ಕ್ಯಾಸೆಟ್ ಗೇಮ್ ಜೋಡಿಸಿ ಮಾರಿಯೊ, ಕಾಂಟ್ರಾ ಆಡಿದ ತಲೆಮಾರಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನಮ್ಮ ಮನೆಯಲ್ಲೂ ಏಳನೇ ತರಗತಿಯ ಮಗಳಿಗೆ ಇಂಥದ್ದೊಂದನ್ನು ಕೊಡಿಸಬೇಕೇ ಬೇಡವೇ ಎಂಬ ಚರ್ಚೆ ನಡೆದಿದ್ದರಿಂದ, ಆಗ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇತರ ಪೋಷಕರ ಗಮನಕ್ಕೂ ತರಬಯಸುತ್ತೇನೆ.

ಕೊಡಿಸಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಬಲವಾದ ಕಾರಣವಿದೆ. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಬಿಡುಗಡೆ ಮಾಡಿದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರ ನಾಲ್ಕು ಪೆನ್ಸಿಲ್ ಸೆಲ್‌ಗಳಿಂದ ನಡೆಯುತ್ತಿತ್ತು. ಅದರ ಹಸಿರು ಛಾಯೆಯ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳಷ್ಟೇ ಇದ್ದವು. ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿ ಅವರು ದುಬಾರಿಯಾದ ಹೊಸ ತಂತ್ರಜ್ಞಾನದ ಬದಲು ಅಗ್ಗವಾಗಿ ಸಿಗುವ, ಬಳಸಿ ಪಳಗಿದ ತಂತ್ರಜ್ಞಾನವನ್ನೇ ನೆಚ್ಚಿಕೊಂಡಿದ್ದರು. ಆ ಕಾಲದ ಆಟಗಳಿಗೆ ಇಂಟರ್‌ನೆಟ್ ಬೇಕಿಲ್ಲ, ನಡುವೆ ಜಾಹೀರಾತು ಬರುವುದಿಲ್ಲ, ‘ಮುಂದಿನ ಹಂತಕ್ಕೆ ನಾಣ್ಯ ಕೊಳ್ಳಿ’ ಎಂದು ಅಪ್ಪ ಅಮ್ಮನ ಖಾತೆಗೆ ಕೈ ಹಾಕುವ ಗುಂಡಿಯೂ ಇಲ್ಲ. ಪಣಕ್ಕೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯ ಮೂಲಕ ನಿಷೇಧಿಸಿದ್ದರೂ ಫೋನಿನ ಆಟಗಳೊಳಗಿನ ಇಂಥ ಖರೀದಿಯ ಆಮಿಷ ಹಾಗೆಯೇ ಉಳಿದಿರುವಾಗ, ಆಡಿ ಮುಗಿಸಿ ಬದಿಗಿಡಬಹುದಾದ ಆಟವೊಂದು ಮಗುವಿನ ಕೈಯಲ್ಲಿರುವುದು ಫೋನಿಗಿಂತ ಎಷ್ಟೋ ಮೇಲು.

ಆದರೆ ಇಂದು ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಆ ಹಳೆಯ ಯಂತ್ರವಲ್ಲ. ಅವು ಬಹುಪಾಲು ಚೀನಾದಲ್ಲಿ ತಯಾರಾದ, ಒಳಗೆ ಫೋನಿನಲ್ಲಿರುವಂಥ ಚಿಪ್ ಇರುವ, ಹಳೆಯ ಯಂತ್ರಗಳನ್ನು ತಂತ್ರಾಂಶದ ಮೂಲಕ ಅನುಕರಿಸುವ ಪುಟ್ಟ ಕಂಪ್ಯೂಟರುಗಳು. ಇದರಲ್ಲಿ ತಪ್ಪೇನೂ ಇಲ್ಲ. ಜೊತೆಗೆ ಕೊಡುವ ಮೆಮೊರಿ ಕಾರ್ಡಿನಲ್ಲಿ ತುಂಬಿರುವ ಸಾವಿರಾರು ಆಟಗಳು ಎಲ್ಲಿಂದ ಬಂದವು ಎಂಬುದೇ ನಿಜವಾದ ಪ್ರಶ್ನೆ. ಹಳೆಯದಾಯಿತು ಎಂಬ ಕಾರಣಕ್ಕೆ ಆಟದ ಹಕ್ಕುಸ್ವಾಮ್ಯ ಕಳೆದುಹೋಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ನ್ಯಾಯಯುತವಾಗಿ ತನ್ನ ಬಳಿ ಇರುವ ತಂತ್ರಾಂಶ ಕೆಟ್ಟುಹೋದೀತೆಂಬ ಎಚ್ಚರಿಕೆಗಾಗಿ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆಯೇ ಹೊರತು, ಯಾರೋ ಮಾಡಿದ ಪ್ರತಿಗಳನ್ನು ಕಾರ್ಡಿಗೆ ತುಂಬಿ ಮಾರುವುದಕ್ಕಲ್ಲ. ಅಕ್ರಮ ಪ್ರತಿ ಎಂದು ತಿಳಿದೂ ಬಳಸುವವರಿಗೆ 63ಬಿ ಸೆಕ್ಷನ್ ದಂಡವನ್ನೂ ಜೈಲುವಾಸವನ್ನೂ ಹೇಳುತ್ತದೆ. ಲಾಭದ ಉದ್ದೇಶವಿಲ್ಲದಿದ್ದರೆ ಜೈಲುವಾಸ ವಿಧಿಸದೆ ದಂಡಕ್ಕೆ ಸೀಮಿತಗೊಳಿಸುವ ವಿವೇಚನೆ ನ್ಯಾಯಾಲಯಕ್ಕಿದೆ.

ಇಲ್ಲಿ ಕಂಪನಿಗಳ ಹೊಣೆಯನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದೇ ಇಲ್ಲ. ಹಣ ಕೊಡಲು ಸಿದ್ಧರಿರುವವರಿಗೂ ಮಾರದೆ ಹಕ್ಕನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಈ ನೀತಿ ಬದಲಾಗಲೇಬೇಕು. ಹಾಗೆಂದು, ಬೇರೆಯವರ ದುಡಿಮೆಯನ್ನು ಕಾರ್ಡಿಗೆ ತುಂಬಿ ಲಾಭ ಮಾಡಿಕೊಳ್ಳುವವರನ್ನು ಹಳೆಯ ಆಟಗಳ ಸಂರಕ್ಷಕರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಸುರಕ್ಷತೆಯ ವಿಷಯ ಇನ್ನೂ ತುರ್ತಿನದು. ಎಲೆಕ್ಟ್ರಾನಿಕ್ ಸರಕುಗಳ ಕಡ್ಡಾಯ ನೋಂದಣಿಗೆ ಸಂಬಂಧಿಸಿದ 2012ರ ಆದೇಶದ ಮೊದಲ ಪಟ್ಟಿಯಲ್ಲೇ ವಿಡಿಯೊ ಗೇಮ್‌ಗಳು ಸೇರಿವೆ. ಇಂಥ ಯಂತ್ರದ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಹೆಸರಿಲ್ಲದ ಲಿಥಿಯಂ ಬ್ಯಾಟರಿ ಉಬ್ಬಿಕೊಂಡು ಬೆಂಕಿಗೆ ಕಾರಣವಾಗಬಲ್ಲದು. ಅದು ರಾತ್ರಿ ಮಗುವಿನ ದಿಂಬಿನ ಪಕ್ಕದಲ್ಲಿ ಚಾರ್ಜ್ ಆಗುತ್ತಿರುವಾಗ, ಬೆಲೆಯಲ್ಲಿ ಉಳಿದ ಒಂದೆರಡು ಸಾವಿರ ರೂಪಾಯಿಯಿಂದ ಏನು ಪ್ರಯೋಜನ?

ಇಷ್ಟೆಲ್ಲ ಅಳೆದು ತೂಗಿ ನಾವು ಕೊಳ್ಳಲು ನಿರ್ಧರಿಸಿದ್ದೇವೆ: ನೋಂದಣಿ ಸಂಖ್ಯೆ ಇರುವ, ಆಟಗಳನ್ನು ತುಂಬದ ಯಂತ್ರವನ್ನು. ಗೇಮ್ ಬಾಯ್‌ಗೆಂದೇ ಇಂದಿಗೂ ಹೊಸ ಆಟ ಬರೆಯುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ. ಅವುಗಳಲ್ಲಿ ಎಷ್ಟನ್ನೋ ಅವರೇ ಉಚಿತವಾಗಿಯೋ ಅಲ್ಪ ಬೆಲೆಗೋ ಕೊಡುತ್ತಾರೆ. 2019ರಲ್ಲಿ ಬಂದ ‘ಜಿಬಿ ಸ್ಟುಡಿಯೊ’ ಎಂಬ ಉಚಿತ ತಂತ್ರಾಂಶದಿಂದ ಪ್ರೋಗ್ರಾಮಿಂಗ್ ಕಲಿಯದ ಮಕ್ಕಳೂ ತಮ್ಮದೇ ಆಟ ಕಟ್ಟಬಹುದು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಲ್ಲಿ ಕನ್ನಡದ ಒತ್ತಕ್ಷರಗಳನ್ನು ಕೂರಿಸುವುದು ಸುಲಭವಲ್ಲ, ಆದರೂ ಮಗಳು ಆ ಪ್ರಯತ್ನಕ್ಕೆ ಈಗಲೇ ಚೌಕಳಿ ಹಾಳೆ ಹಿಡಿದು ಕುಳಿತಿದ್ದಾಳೆ.

ವಿಡಿಯೊ ಗೇಮ್ ಯಂತ್ರಗಳ ಮಾರಾಟದ ಪುಟದಲ್ಲೇ ನೋಂದಣಿ ಸಂಖ್ಯೆ ಎದ್ದು ಕಾಣುವಂತೆ ಪ್ರಕಟಿಸುವುದನ್ನು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯ ಕಡ್ಡಾಯಗೊಳಿಸಬೇಕು. ಪರವಾನಗಿಯ ವಿವರವಿಲ್ಲದೆ ಸಾವಿರಾರು ಆಟಗಳ ಆಸೆ ತೋರಿಸುವ ಜಾಹೀರಾತುಗಳನ್ನು ಆನ್‌ಲೈನ್ ಮಳಿಗೆಗಳು ಮುಂದಿನ ಹಬ್ಬದ ಮಾರಾಟಕ್ಕೆ ಮೊದಲೇ ತೆಗೆದುಹಾಕಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಒಬ್ಬ ಪೋಷಕ, ಶಿವಮೊಗ್ಗ