ಬೆಕ್ಕಿನ ಮರಿ ಇನ್ನು ನಮ್ಮದೇ, ಅಮ್ಮ

ಲೆಸ್ಟರ್, ಇಂಗ್ಲೆಂಡ್
ನವೆಂಬರ್ 16

ಪ್ರೀತಿಯ ಅಮ್ಮ,

ನಿನಗೂ ಅಪ್ಪನಿಗೂ ಅಜ್ಜಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಡಿಕೆ ಕೊನೆಕೊಯ್ಲು ಶುರುವಾಗಿರಬೇಕು, ಪತ್ರ ಓದಲು ಪುರುಸೊತ್ತು ಸಿಗುತ್ತೋ ಇಲ್ಲವೋ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಬೆಕ್ಕಿನ ವಿಷಯ ಬಂದರೆ ನೀನು ನನಗೆ ಮಾತಾಡಲು ಬಿಡುವುದೇ ಇಲ್ಲ, ಅಲ್ವಾ?

"ಪಾಪದ ಮರೀನ ಯಾಕೆ ಪಂಜರದಲ್ಲಿ ಕೂಡಿ ಹಾಕಿದ್ದೀಯ?" ಅಂತ ಬೈದೆಯಲ್ಲ, ಮೊದಲು ಅದಕ್ಕೆ ಉತ್ತರ. ರಸ್ತೆ ಬದಿಯಲ್ಲಿ ಬಿದ್ದಿದ್ದ ಮರಿಯನ್ನು ಯಾರೋ ಇಲ್ಲಿನ ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ ತಂದುಕೊಟ್ಟಿದ್ದರು. ಗಾಡಿ ತಾಗಿರಬೇಕು. ಎಕ್ಸ್‌ರೇ ತೆಗೆದರೆ ಸೊಂಟದ ಮೂಳೆ ಮುರಿದಿತ್ತು. ಸೊಂಟಕ್ಕೆ ಪ್ಲಾಸ್ಟರ್ ಹಾಕಲು ಆಗುವುದಿಲ್ಲ. ಮೂಳೆ ಜಾಸ್ತಿ ಸರಿದಿರದಿದ್ದರೆ ಆಪರೇಷನ್ನೂ ಬೇಡ. ನಾಲ್ಕರಿಂದ ಆರು ವಾರ ಓಡದೆ ಹಾರದೆ ಇದ್ದರೆ ತಾನೇ ಕೂಡಿಕೊಳ್ಳುತ್ತದೆ. ಬೆಕ್ಕಿನ ಮರಿಗೆ ಸುಮ್ನೆ ಮಲಗು ಅಂದರೆ ಕೇಳುತ್ತಾ? ಅದಕ್ಕೇ ಪಂಜರ. ಕೇಂದ್ರದಲ್ಲಿ ನಾಯಿಗಳ ಗಲಾಟೆ, ಹಾಗಾಗಿ ಇಂಥ ಮರಿಗಳನ್ನು ಗುಣವಾಗುವ ತನಕ ಯಾರದಾದರೂ ಮನೆಯಲ್ಲಿ ಬಿಡುತ್ತಾರೆ. ಊಟ, ಔಷಧಿ, ಡಾಕ್ಟರ್ ಖರ್ಚು ಅವರದು. ಚಾಕರಿ ನನ್ನದು.

ಚಾಕರಿಯೇನು ಕಮ್ಮಿಯಲ್ಲ. ನೋವಿನ ಔಷಧಿಯನ್ನು ತೂಕಕ್ಕೆ ತಕ್ಕಂತೆ ಅಳೆದು ಸಿರಿಂಜಿನಲ್ಲಿ ಬಾಯಿಗೆ ಬಿಡಬೇಕು. (ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು. ಕೊಟ್ಟಿಗೆಯ ಬೆಕ್ಕಿಗೆ ಯಾವತ್ತೂ ಕೊಡಬೇಡಿ.) ದಿನಾ ಅಡುಗೆಮನೆಯ ತಕ್ಕಡಿಯಲ್ಲಿ ಕೂರಿಸಿ ತೂಗಬೇಕು. ವಾರಕ್ಕೆ ಸುಮಾರು 100 ಗ್ರಾಂ ಏರಿದರೆ ಚಿಂತೆಯಿಲ್ಲ. ಎಲ್ಲಕ್ಕಿಂತ ಮುಖ್ಯ ಕಕ್ಕ. ಮೂಳೆ ವಕ್ರವಾಗಿ ಕೂಡಿಕೊಂಡರೆ ಒಳಗಿನ ದಾರಿ ಇಕ್ಕಟ್ಟಾಗಿ ಮಲ ಕಟ್ಟಿಕೊಳ್ಳುತ್ತದೆ. ಹಾಗಾಗಿ ಲಿಟರ್ ಟ್ರೇ (ಮರಿ ಕಕ್ಕ ಮಾಡುವ ತಟ್ಟೆ) ನೋಡಿ ದಿನಾ ಬರೆದಿಡಬೇಕು. ಬೆಳಿಗ್ಗೆ ಎದ್ದು ಬೆಕ್ಕಿನ ಕಕ್ಕ ನೋಡಿ ಖುಷಿಪಡುವ ಕಾಲ ಬಂತು ನಿನ್ನ ಮಗಳಿಗೆ!

ನೀನು ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾದದ್ದೂ ನನಗೆ ಗೊತ್ತು. ಹೌದು, ಮನೆಯಲ್ಲಿ ಕೋಳಿ ಮಾಂಸದ ಡಬ್ಬಿಗಳಿವೆ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇಬೇಕು. ಅದು ಮಾಂಸ, ಮೀನಿನಲ್ಲಿರುತ್ತದೆ, ಅನ್ನದಲ್ಲಿಲ್ಲ. ಸಿಗದಿದ್ದರೆ ಕಣ್ಣೂ ಹೃದಯವೂ ಹಾಳಾಗುತ್ತವೆ. ನಮ್ಮ ಮನೆಯ ಬೆಕ್ಕು ಹಾಲನ್ನ ತಿಂದೇ ಬದುಕಿತು ಅಂತ ಅಜ್ಜಿ ಹೇಳುತ್ತಾರೆ. ಅಟ್ಟದ ಇಲಿಗಳನ್ನು ಕೇಳಿದರೆ ಗೊತ್ತಾಗುತ್ತಿತ್ತು! ಇದರ ತಟ್ಟೆ, ಚಮಚ ಎಲ್ಲ ಬೇರೆ. ಊಟ ಹಾಕುವುದು ಹಿಂಬಾಗಿಲ ಹತ್ತಿರ. ದೇವರ ಫೋಟೊ ಮಹಡಿಯ ಮೇಲಿದೆ.

ಈಗ ಮೂಳೆ ಕೂಡಿದೆ. ನಡೆಯುವಾಗ ಹಿಂದಿನ ಭಾಗ ಸ್ವಲ್ಪ ವಾಲುತ್ತದೆ, ಪರದೆ ಹತ್ತಲು ಅದೇನೂ ಅಡ್ಡಿಯಾಗಿಲ್ಲ. ಸಾಕುವವರನ್ನು ಹುಡುಕಬೇಕು, ಒಳ್ಳೆಯ ಫೋಟೊ ಕಳಿಸಿ ಅಂತ ಕೇಂದ್ರದವರು ಕೇಳಿದ್ದರು. ನಾನು ಅರ್ಜಿಯನ್ನೇ ಕಳಿಸಿಬಿಟ್ಟೆ. ಬಾಡಿಗೆ ಮನೆ ಆದ್ದರಿಂದ ಮಾಲೀಕರ ಒಪ್ಪಿಗೆ ಬೇಕಿತ್ತು. ಕಾರ್ಪೆಟ್ ಹರಿದರೆ ದುಡ್ಡು ನಾನೇ ಕೊಡಬೇಕು ಅಂತ ಬರೆಸಿಕೊಂಡು ಸಹಿ ಹಾಕಿದರು.

ಇನ್ನು ಚಿಪ್. ಇಂಗ್ಲೆಂಡಿನಲ್ಲಿ 2024ರ ಜೂನ್‌ನಿಂದ ಸಾಕಿದ ಬೆಕ್ಕಿಗೆ 20 ವಾರ ತುಂಬುವ ಮೊದಲು ಮೈಕ್ರೊಚಿಪ್ ಹಾಕಿಸುವುದು ಕಡ್ಡಾಯ. ಇಲ್ಲದಿದ್ದರೆ 500 ಪೌಂಡ್ ತನಕ ದಂಡ. ಅಕ್ಕಿಕಾಳಿನಷ್ಟೇ ಇರುತ್ತದೆ, ಹೆಗಲ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಅಪ್ಪನಿಗೆ ಹೇಳು, ಬೆಕ್ಕು ಎಲ್ಲಿದೆ ಅಂತ ಅದು ತೋರಿಸುವುದಿಲ್ಲ. ಸ್ಕ್ಯಾನರ್ ಹಿಡಿದರೆ ಒಂದು ನಂಬರ್ ಬರುತ್ತದೆ, ಆ ನಂಬರಿಗೆ ನನ್ನ ಹೆಸರು, ಫೋನ್ ಸೇರಿರುತ್ತದೆ.

ಫೆಬ್ರವರಿಯ ಟಿಕೆಟ್ ಹಾಗೇ ಇದೆ, ಹೆದರಬೇಡ. ನಾನು ಊರಲ್ಲಿರುವಷ್ಟು ದಿನ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಕೇಂದ್ರದವರು ಮರಿಗೆ ಬಿಸ್ಕಿಟ್ ಅಂತ ಹೆಸರಿಟ್ಟಿದ್ದಾರೆ, ಕರೆಯಲು ನನಗೇ ಒಂಥರಾ ಆಗುತ್ತದೆ. ಅಜ್ಜಿಗೆ ಒಂದು ಹೆಸರು ಯೋಚಿಸಲು ಹೇಳು. ಹೆಣ್ಣು ಮರಿ, ಬೂದು ಬಣ್ಣ. ಭಾನುವಾರದೊಳಗೆ ಹೇಳಿದರೆ ಚಿಪ್ಪಿನ ದಾಖಲೆಯಲ್ಲಿ ಅದೇ ಹೆಸರು ಹಾಕಿಸುತ್ತೇನೆ.

ನಿನ್ನ
ಪುಟ್ಟಿ